ಮಾಳಮಡ್ಡಿಯಲ್ಲಿ ಆಫ್ರಿಕದ ಕಪ್ಪೆ ಮರಿ ಮಾಡಿದ್ದು

ಅಕ್ವೇರಿಯಂ ಅಂಗಡಿಗೆ ಹೋದವರು ನೋಡಿಯೇ ಇರುತ್ತೀರಿ. ಗೋಲ್ಡ್‌ಫಿಶ್ ತೊಟ್ಟಿಗಳ ನಡುವೆ ಎಲ್ಲೋ ಒಂದು ಸಣ್ಣ ಗಾಜಿನ ಡಬ್ಬಿ, ಅದರೊಳಗೆ ಬಿಳಿಗುಲಾಬಿ ಮೈಯ ಕೆಂಪುಗಣ್ಣಿನ ಕಪ್ಪೆಗಳು ಕೈಕಾಲು ಬಿಟ್ಟುಕೊಂಡು ತೇಲುತ್ತಿರುತ್ತವೆ. ‘ನೀರಾಗ ಇರ್ತಾವ್ರೀ, ಫಿಶ್ ಫುಡ್ ಹಾಕಿದ್ರ ಸಾಕು, ಮೀನಿನ ಜೋಡೀನ ಬಿಡ್ರಿ’ ಎಂದು ಕೈಗೆ ಕೊಡುತ್ತಾರೆ. ಇದರಲ್ಲಿ ಮೊದಲನೆಯದು ನಿಜ, ಎರಡನೆಯದು ಅರ್ಧ ನಿಜ. ಮೂರನೆಯದನ್ನು ನಂಬಿದವರ ತೊಟ್ಟಿಯಲ್ಲಿ ತಿಂಗಳೊಪ್ಪತ್ತಿನಲ್ಲಿ ಕಪ್ಪೆಯೊಂದೇ ಉಳಿದಿರುತ್ತದೆ. ಬಾಯಿಗೆ ಹಿಡಿಸುವ ಯಾವ ಮೀನನ್ನೂ ಅದು ಬಿಡುವುದಿಲ್ಲ.

ಇದು ದಕ್ಷಿಣ ಆಫ್ರಿಕದ ಉಗುರುಗಪ್ಪೆ, ವೈಜ್ಞಾನಿಕ ಹೆಸರು ಕ್ಸೆನೋಪಸ್ ಲೇವಿಸ್. ಅಂಗಡಿಯಲ್ಲಿ ಹೆಬ್ಬೆರಳಿನಷ್ಟಿದ್ದದ್ದು ಬೆಳೆದರೆ, ಹೆಣ್ಣಾದರೆ, 10-12 ಸೆಂಟಿಮೀಟರ್ ಆಗುತ್ತದೆ. ಸರಿಯಾಗಿ ನೋಡಿಕೊಂಡರೆ 15 ವರ್ಷಕ್ಕೂ ಮೇಲೆ ಬದುಕುತ್ತದೆ. ನಮ್ಮ ಹಿತ್ತಲ ಕಪ್ಪೆಗಳ ಹಾಗೆ ದಂಡೆಗೆ ಬಂದು ಕೂರುವುದಿಲ್ಲ, ಹುಟ್ಟು ಸಾವು ಎಲ್ಲ ನೀರಲ್ಲೇ. ನಾಲಿಗೆ ಇಲ್ಲ. ಆದ್ದರಿಂದ ನೊಣ ಹಿಡಿಯುವ ಕಸರತ್ತೂ ಇಲ್ಲ. ಮುಂಗೈಯ ಉದ್ದುದ್ದ ಬೆರಳುಗಳಿಂದ ತಿನಿಸನ್ನು ಬಾಯಿಗೆ ತುರುಕಿಕೊಳ್ಳುತ್ತದೆ. ಹಿಂಗಾಲಿನ ಮೂರು ಬೆರಳಿಗೆ ಉಗುರುಗಳಿವೆ. ದೊಡ್ಡ ತುಂಡು ಸಿಕ್ಕರೆ ಆ ಉಗುರಿನಿಂದ ಪರಚಿ ಹರಿಯುತ್ತದೆ. ಮೈಯ ಎರಡೂ ಪಕ್ಕಕ್ಕೆ ದರ್ಜಿ ಹೊಲಿಗೆ ಹಾಕಿದ ಹಾಗೆ ಸಣ್ಣ ಸಣ್ಣ ಗೆರೆಗಳ ಸಾಲು. ನೀರಿನ ಅಲುಗಾಟವನ್ನು ಅದು ಗ್ರಹಿಸುವುದು ಅಲ್ಲಿಂದ. ಹಾಗಾಗಿ ಜೋರಾಗಿ ನೀರು ಚಿಮ್ಮಿಸುವ ಪವರ್ ಫಿಲ್ಟರ್ ಇದಕ್ಕೆ ಆಗಿಬರುವುದಿಲ್ಲ, ಇಡೀ ದಿನ ಮೂಲೆ ಹಿಡಿದು ಕೂತುಬಿಡುತ್ತದೆ. ಗಾಳಿ ಪಂಪಿಗೆ ಜೋಡಿಸುವ ಸ್ಪಂಜಿನ ಫಿಲ್ಟರೇ ಸರಿ.

ನನ್ನ ಹತ್ತಿರ ಇದ್ದದ್ದು ಒಂದು ಬಿಳಿ ಹೆಣ್ಣು, ಹುಬ್ಬಳ್ಳಿಯಿಂದ ತಂದದ್ದು. ಗಂಡು ಸಿಕ್ಕಿದ್ದು ಪರಿಚಯದವರೊಬ್ಬರು ಊರು ಬಿಡುವಾಗ ತಮ್ಮ ತೊಟ್ಟಿಗಳನ್ನೆಲ್ಲ ಹಂಚುತ್ತಿದ್ದಾಗ. ಅದು ಬಿಳಿಯದಲ್ಲ, ಕಾಡಿನಲ್ಲಿ ಇರುವಂಥದ್ದೇ ಬಣ್ಣ: ಕಂದು-ಹಸಿರು ಬೆನ್ನು, ಅದರ ಮೇಲೆ ಕಪ್ಪು ಮಚ್ಚೆ, ಹೊಟ್ಟೆ ಮಾಸಲು ಬಿಳಿ. ಬಿಳಿ ಹೆಣ್ಣಿಗೆ ಕಂದು ಗಂಡು ಸಿಕ್ಕಿದ್ದು ಅದೃಷ್ಟ ಎಂದು ಆಗ ಗೊತ್ತಿರಲಿಲ್ಲ.

ಗಂಡು ಹೆಣ್ಣು ಗುರುತಿಸುವುದು ಕಷ್ಟವಲ್ಲ, ಪೂರ್ತಿ ಬೆಳೆದಿರಬೇಕು ಅಷ್ಟೆ. ಹೆಣ್ಣು ದೊಡ್ಡದು, ಸೊಂಟ ಅಗಲ, ಹಿಂಗಾಲುಗಳ ನಡುವೆ ಸಣ್ಣ ಚರ್ಮದ ಮಡಿಕೆಗಳು ಕಾಣುತ್ತವೆ. ಗಂಡು ತೆಳು, ಉದ್ದ. ಬೆದೆಗೆ ಬಂದಾಗ ಅದರ ಮುಂಗೈ ಒಳಭಾಗ ಕಪ್ಪಾಗಿ ಒರಟಾಗುತ್ತದೆ. ನೀರಿನಲ್ಲಿ ಹೆಣ್ಣಿನ ಜಾರುವ ಮೈಯನ್ನು ಬಿಡದೆ ಹಿಡಿಯಲು ಈ ಏರ್ಪಾಡು.

ನಮ್ಮದು ಮಾಳಮಡ್ಡಿಯ ಹಳೆಯ ಹಂಚಿನ ಮನೆ, ದಪ್ಪ ಮಣ್ಣಿನ ಗೋಡೆ. ಕಪ್ಪೆಗೆ ಹಿತವಾದ ನೀರು 18ರಿಂದ 24 ಡಿಗ್ರಿ. ಧಾರವಾಡದಲ್ಲಿ ವರ್ಷದ ಬಹುಪಾಲು ಇದು ತಾನಾಗಿಯೇ ಸಿಗುತ್ತದೆ, ಹೀಟರು ಬೇಡ, ಚಿಲ್ಲರು ಬೇಡ. ಏಪ್ರಿಲ್, ಮೇ ಮಾತ್ರ ಕಷ್ಟ. ಹೊರಗೆ 37 ಮುಟ್ಟಿದ ದಿನ ಪಡಸಾಲೆಯ ತೊಟ್ಟಿಯ ನೀರು 27ಕ್ಕೆ ಏರುತ್ತಿತ್ತು. ಮುಚ್ಚಳದ ಬದಲು ಬಿಗಿಯಾದ ಜಾಲರಿ ಹಾಕಿ ಮೇಲೊಂದು ಸಣ್ಣ ಟೇಬಲ್ ಫ್ಯಾನ್ ಹಚ್ಚಿದರೆ ನೀರು ಆವಿಯಾಗುತ್ತ ಎರಡು ಡಿಗ್ರಿಯಾದರೂ ಇಳಿಯುತ್ತದೆ. ಜಾಲರಿಯ ಮೇಲೆ ಭಾರ ಇಡಲೇಬೇಕು. ಈ ಪ್ರಾಣಿ ದಂಡೆಗೆ ಬರುವುದಿಲ್ಲ ಅಂದೆ, ಜಿಗಿಯುವುದಿಲ್ಲ ಅನ್ನಲಿಲ್ಲ. ಸ್ಲ್ಯಾಬಿನ ಮನೆಯ ಮೇಲಂತಸ್ತಿನಲ್ಲಿ ಇರುವವರು ಬೇಸಿಗೆಯ ವ್ಯವಸ್ಥೆ ನೋಡಿಕೊಂಡೇ ಇದಕ್ಕೆ ಕೈ ಹಾಕಬೇಕು.

ನೀರಿನ ವಿಚಾರ ಇಷ್ಟಕ್ಕೆ ಮುಗಿಯಲಿಲ್ಲ, ನಿಜ ಹೇಳಬೇಕೆಂದರೆ ಮುಂದಿನದೆಲ್ಲ ನೀರಿನದೇ ಕಥೆ. ನಮ್ಮ ನಳಕ್ಕೆ ಬರುವುದು ಮಲಪ್ರಭೆಯ ನೀರು, ಸವದತ್ತಿ ಹತ್ತಿರದ ರೇಣುಕಾಸಾಗರದಿಂದ. ಕುಡಿಯುವ ನೀರೆಂದ ಮೇಲೆ ಕ್ಲೋರಿನ್ ಇದ್ದೇ ಇರುತ್ತದೆ. ಕಪ್ಪೆಯ ಚರ್ಮ ನೀರಿನಲ್ಲಿರುವುದನ್ನೆಲ್ಲ ಒಳಗೆ ಎಳೆದುಕೊಳ್ಳುತ್ತದೆ, ಮೀನು ತಡೆದುಕೊಂಡ ನೀರನ್ನು ಕಪ್ಪೆ ತಡೆದುಕೊಳ್ಳುತ್ತದೆ ಎನ್ನುವಂತಿಲ್ಲ. ನಾನು ಡ್ರಮ್ಮಿನಲ್ಲಿ ತುಂಬಿ, ಗಾಳಿ ಪಂಪು ಬಿಟ್ಟು, ಮರುದಿನ ಬಳಸುತ್ತಿದ್ದೆ. ಅವಸರಕ್ಕೆ ಸೋಡಿಯಂ ಥಯೋಸಲ್ಫೇಟ್ ಹರಳು. ಹಳೆಯ ಫೋಟೋ ಸ್ಟುಡಿಯೋದವರು ಹೈಪೋ ಅನ್ನುತ್ತಿದ್ದರಲ್ಲ, ಅದೇ. ಅಂಗಡಿಯಲ್ಲಿ ಆ್ಯಂಟಿ ಕ್ಲೋರಿನ್ ಎಂದು ಸಣ್ಣ ಬಾಟಲಿಯಲ್ಲಿ ಸಿಗುವುದೂ ಬಹುತೇಕ ಇದೇ. ಹಿತ್ತಲಲ್ಲಿ ಬಾವಿ ಇದೆ. ಆ ನೀರನ್ನು ತೊಟ್ಟಿಗೆ ತಂದರೂ ತೊಟ್ಟಿಯ ನೀರನ್ನು ಅದರ ಸುತ್ತಮುತ್ತ ಚೆಲ್ಲಬಾರದು ಎಂದು ಮೊದಲ ದಿನವೇ ಮನೆಮಂದಿಗೆಲ್ಲ ಹೇಳಿದ್ದೆ. ಕಾರಣ ಮುಂದೆ ಬರುತ್ತದೆ.

ಊಟಕ್ಕೆ ಎರೆಹುಳುವೇ ಮೇಲು. ಅಮ್ಮಿನಬಾವಿಯ ಗೆಳೆಯನೊಬ್ಬನ ಹೊಲದ ಬದುವಿನಲ್ಲಿ ಔಷಧಿ ಹೊಡೆಯದ ಜಾಗ ನೋಡಿ ಅಗೆದು ತರುತ್ತಿದ್ದೆ. ಗೊಬ್ಬರದ ತೊಟ್ಟಿಯ ಕೆಂಪು ಹುಳುಗಳನ್ನು ನನ್ನ ಹೆಣ್ಣು ಬಾಯಿಗೆ ಹಾಕಿಕೊಂಡು ಉಗುಳಿಬಿಡುತ್ತಿತ್ತು, ಅವು ಬಿಡುವ ಲೋಳೆಗೆ ಕೆಟ್ಟ ರುಚಿ ಇರಬೇಕು. ವಾರಕ್ಕೆ ಮೂರು ಸಲ ಸಾಕು. ದಿನಾ ಹಾಕಿದರೆ ದಿನಾ ತಿನ್ನುತ್ತದೆ, ‘ಸಾಕು’ ಎನ್ನುವುದು ಇದಕ್ಕೆ ಗೊತ್ತಿಲ್ಲ.

ಇನ್ನು ಮೊಟ್ಟೆ. ಪ್ರಯೋಗಾಲಯಗಳಲ್ಲಿ ಇದನ್ನು ಮೊಟ್ಟೆ ಇಡಿಸುವುದಕ್ಕೆ ಸುಲಭ ದಾರಿ ಇದೆ, ಎಚ್‌ಸಿಜಿ ಹಾರ್ಮೋನಿನ ಇಂಜೆಕ್ಷನ್. ಗರ್ಭಿಣಿಯರ ಮೂತ್ರದಲ್ಲಿ ಬರುವ ಹಾರ್ಮೋನೇ ಅದು. ಕೇಪ್‌ಟೌನಿನಲ್ಲಿ ಪಾಠ ಮಾಡುತ್ತಿದ್ದ ಇಂಗ್ಲೆಂಡಿನ ಲ್ಯಾನ್ಸೆಲಾಟ್ ಹಾಗ್ಬೆನ್ ಹಾರ್ಮೋನಿಗೆ ಈ ಕಪ್ಪೆ ಮೊಟ್ಟೆ ಇಡುವುದನ್ನು ಗಮನಿಸಿದ್ದರಿಂದ 1930ರ ದಶಕದಲ್ಲಿ ಇದೇ ಬಸಿರಿನ ಪರೀಕ್ಷೆಯಾಯಿತು. ಹೆಂಗಸಿನ ಮೂತ್ರವನ್ನು ಹೆಣ್ಣು ಕಪ್ಪೆಗೆ ಚುಚ್ಚಿ ಒಂದು ದಿನ ಕಾಯುವುದು. ಮೊಟ್ಟೆ ಇಟ್ಟರೆ ಬಸಿರು ಖಾತ್ರಿ. 1960ರ ದಶಕದವರೆಗೂ ಹಲವು ದೇಶಗಳ ಆಸ್ಪತ್ರೆಗಳಲ್ಲಿ ಇದು ನಡೆದಿತ್ತು. ಕಪ್ಪೆ ಲೋಕಸಂಚಾರ ಹೊರಟದ್ದು ಹೀಗೆ. ಇದನ್ನೆಲ್ಲ ಅವ್ವನಿಗೆ ಉತ್ಸಾಹದಿಂದ ಹೇಳಿದೆ. ಆಕೆ ಅವರೆಕಾಯಿ ಸುಲಿಯುತ್ತಿದ್ದವಳು ತಲೆ ಎತ್ತದೆ, ‘ನೀ ಹೊಟ್ಟ್ಯಾಗಿದ್ದಾಗ ನಮಗ ಕಪ್ಪಿ ಬೇಕಾಗಿದ್ದಿಲ್ಲಪಾ, ಹುಣಸಿಕಾಯಿ ಸಾಕಾಗಿತ್ತು’ ಅಂದಳು.

ಇಂಜೆಕ್ಷನ್ ನನ್ನ ದಾರಿಯಲ್ಲ. ಮನೆಯಲ್ಲಿ ಸೂಜಿ ಹಿಡಿಯುವುದು ಬೇಡ, ಬೇಕಾಗಿಯೂ ಇಲ್ಲ. ತನ್ನ ನಾಡಿನಲ್ಲಿ ಈ ಕಪ್ಪೆ ಮೊಟ್ಟೆ ಇಡುವುದು ಒಣಗುತ್ತ ಬಂದ ಹೊಂಡಕ್ಕೆ ಹೊಸ ಮಳೆನೀರು ಬಿದ್ದಾಗ. ಬಿಸಿಲಿಗೆ ನೀರು ಇಳಿಯಬೇಕು, ಆಮೇಲೆ ತಣ್ಣಗಿನ ನೀರು ಏರಬೇಕು. ಧಾರವಾಡದಲ್ಲಿ ಕೂತವನಿಗೆ ಇದಕ್ಕಿಂತ ಸುಲಭದ್ದು ಯಾವುದಿದೆ? ಬಸವ ಜಯಂತಿ ಕಳೆದ ಮೇಲೆ ತೊಟ್ಟಿಯ ನೀರನ್ನು ಮೆಲ್ಲಗೆ ಇಳಿಸುತ್ತ ಬಂದೆ. ಬದಲಿಸಿದಷ್ಟು ಪೂರ್ತಿ ತುಂಬುತ್ತಿರಲಿಲ್ಲ. ಮೇ ಕೊನೆಗೆ ತೊಟ್ಟಿ ಅರ್ಧ. ನೀರು ಕಡಿಮೆಯಾದಾಗ ಅದರಲ್ಲಿ ಹೊಲಸಿನ ಪ್ರಮಾಣ ಬೇಗ ಏರುತ್ತದೆ, ಆದ್ದರಿಂದ ಸ್ವಲ್ಪ ಸ್ವಲ್ಪವೇ ಆದರೂ ಬದಲಿಸುವುದನ್ನು ಬಿಡುವಂತಿಲ್ಲ. ನೀರಿನ ಅಮೋನಿಯಾ ಅಳೆಯುವ ಕಿಟ್ಟಿನ ಬಣ್ಣ ನೋಡುತ್ತಲೇ ಇರಬೇಕು. ಅದೇ ಹೊತ್ತಿಗೆ ಹುಳುವಿನ ಊಟ ಜಾಸ್ತಿ ಮಾಡಿದೆ. ಹೆಣ್ಣಿನ ಹೊಟ್ಟೆ ಎರಡೂ ಬದಿಗೆ ತುಂಬಿಕೊಂಡು ಬಂತು.

ಆಮೇಲೆ ಮಳೆಗೆ ಕಾಯುವ ಕೆಲಸ. ಬ್ಯಾಂಕಿನಿಂದ ಚಿಗರಿ ಬಸ್ಸಿನಲ್ಲಿ ಬರುವಾಗ ನವಲೂರು ದಾಟಿದ ಕೂಡಲೇ ಕಿಟಕಿಯಿಂದ ಮುಗಿಲು ನೋಡುವುದು ರೂಢಿಯಾಯಿತು. ಅವ್ವನಿಗೆ ನಗು. ‘ಮಂದಿ ಮಳಿ ಬರ್ಲಿ ಅಂತ ಕಪ್ಪಿ ಮದಿವಿ ಮಾಡ್ತಾರ. ನೀ ಕಪ್ಪಿ ಮದಿವಿ ಆಗ್ಲಿ ಅಂತ ಮಳಿ ಕಾಯಾಕತ್ತೀಯಲ್ಲೋ!’

ಮಳೆನೀರು ಹಿಡಿಯುವುದರಲ್ಲೂ ಒಂದು ಕ್ರಮ ಬೇಕು. ಮೊದಲೆರಡು ಮಳೆಗೆ ಹಂಚಿನ ಮೇಲಿನ ದೂಳು, ಹಕ್ಕಿ ಹಿಕ್ಕೆ ಎಲ್ಲ ಇಳಿದು ಹೋಗಲಿ ಎಂದು ಬಿಟ್ಟೆ. ಆಮೇಲೆ ಸೂರಿನ ಕೆಳಗೆ ಪ್ಲಾಸ್ಟಿಕ್ ಡ್ರಮ್ಮು. ತಾಮ್ರದ ಹಂಡೆ, ಕೊಡ ಹತ್ತಿರ ತರಬಾರದು, ನೀರಿಗೆ ಬಿಟ್ಟ ತಾಮ್ರ ಗೊದಮೊಟ್ಟೆಗೆ ವಿಷ. ಸತುವಿನ ತಗಡಿನ ಮೇಲಿಂದ ಬಂದ ನೀರೂ ಬೇಡ. ಇನ್ನೊಂದು, ಮಳೆನೀರಿನಲ್ಲಿ ಲವಣ ಇರುವುದೇ ಇಲ್ಲ ಅನ್ನಬಹುದು. ಪೂರ್ತಿ ಅದನ್ನೇ ತುಂಬಿದರೆ ಕಪ್ಪೆಗೂ ಕಷ್ಟ, ಹೊಲಸನ್ನು ಅರಗಿಸುವ ಫಿಲ್ಟರಿನ ಬ್ಯಾಕ್ಟೀರಿಯಾಕ್ಕೂ ಕಷ್ಟ. ಎರಡು ಪಾಲು ಕ್ಲೋರಿನ್ ಹೋದ ನಳದ ನೀರಿಗೆ ಒಂದು ಪಾಲು ಮಳೆನೀರು ಬೆರೆಸಿದೆ. ಬೆರೆಸಿದ ನೀರನ್ನು ಹಿತ್ತಲಲ್ಲೇ ರಾತ್ರಿಯಿಡೀ ಇಟ್ಟು ತಣ್ಣಗಾಗಿಸಿ, ಸಣ್ಣ ಏರ್ ಪೈಪಿನಿಂದ ತೊಟ್ಟಿಗೆ ಸಂಜೆಯಿಂದ ತೊಟ್ಟಿಕ್ಕಲು ಬಿಡುವುದು. 26ರಿಂದ 21ಕ್ಕೆ ಇಳಿಯಲು ಮೂರು ನಾಲ್ಕು ಗಂಟೆ ಹಿಡಿಯಬೇಕು, ಒಮ್ಮೆಗೇ ಸುರಿದರೆ ಜೀವಕ್ಕೇ ಅಪಾಯ.

ಮೊಟ್ಟೆಯನ್ನು ಅಪ್ಪ ಅಮ್ಮನಿಂದ ಕಾಪಾಡುವ ಏರ್ಪಾಡು ಮೊದಲೇ ಆಗಿರಬೇಕು. ಇಟ್ಟ ಮೊಟ್ಟೆಯನ್ನು ಇಟ್ಟವರೇ ತಿನ್ನುವ ಜಾತಿ ಇದು. ಸೂಪರ್ ಮಾರ್ಕೆಟ್ಟಿನ ತರಕಾರಿಯವರಿಂದ ಮುರಿದ ಪ್ಲಾಸ್ಟಿಕ್ ಕ್ರೇಟ್ ಒಂದನ್ನು ತಂದು ಅದರ ಜಾಲರಿ ತಳವನ್ನು ಕತ್ತರಿಸಿ, ಚೂಪು ಅಂಚನ್ನೆಲ್ಲ ಮೇಣದಬತ್ತಿಯಲ್ಲಿ ಕರಗಿಸಿ ನಯ ಮಾಡಿ, ತೊಟ್ಟಿಯ ತಳದಿಂದ ನಾಲ್ಕು ಬೆರಳು ಮೇಲಕ್ಕೆ ಕೂರಿಸಿದೆ. ಮೇಲೆ ಎರಡು ಮಣ್ಣಿನ ಕುಡಿಕೆ, ಒಂದಿಷ್ಟು ಪ್ಲಾಸ್ಟಿಕ್ ಗಿಡ.

ಮೊದಲ ಮಳೆಗೆ ಏನೂ ಆಗಲಿಲ್ಲ. ಗಂಡು ರಾತ್ರಿ ಒಂದಿಷ್ಟು ಕೂಗಿತು, ಅಷ್ಟೆ. ಮಿರಗ ಮುಗಿಯುತ್ತ ಬಂದಾಗ ಹಗಲು ರಾತ್ರಿ ಬಿಡದೆ ಜಿಟಿಜಿಟಿ ಹಿಡಿಯಿತು ನೋಡಿ, ಅವತ್ತು ಮತ್ತೆ ನೀರು ಏರಿಸಿದೆ. ದೀಪ ಆರಿಸಿ ಮಲಗಿದ್ದೆವು. ನಮ್ಮಾಕೆ ಎಬ್ಬಿಸಿದಳು. ‘ನಿಮ್ಮ ಪಂಪ್ ಕೆಟ್ಟೈತಿ ಕಾಣ್ತದ ನೋಡ್ರಿ, ಕಟಕಟ ಕಟಕಟ ಅಂತೈತಿ.’ ಪಂಪು ಸರಿಯಾಗೇ ಇತ್ತು. ಈ ಕಪ್ಪೆಗೆ ಗಂಟಲ ಚೀಲ ಇಲ್ಲ, ಬಾಯಿ ತೆರೆಯುವುದಿಲ್ಲ, ನೀರಿನೊಳಗೇ ಗಂಟಲಿನಿಂದ ಕಟಕಟ ಎಂಬ ಸದ್ದು ಬಿಡಬಿಡದೆ ಹೊರಡಿಸುತ್ತದೆ. ಗಾಜಿಗೆ ಕಿವಿ ಹಚ್ಚಿದರೆ ಸದ್ದು ಕೆನ್ನೆಗೆ ತಾಗುತ್ತದೆ. ಹೆಣ್ಣೂ ಉತ್ತರ ಕೊಡುತ್ತದೆ, ಅದು ಕಪ್ಪೆಗಳಲ್ಲಿ ಅಪರೂಪ. ಒಲ್ಲೆ ಎಂದರೆ ನಿಧಾನದ ಟಿಕ್ ಟಿಕ್, ಒಪ್ಪಿಗೆಯಾದರೆ ಬೇಗ ಬೇಗ ಬಡಿಯುವ ಇನ್ನೊಂದು ದನಿ. ನನ್ನ ಕಿವಿಗೆ ಎರಡನ್ನೂ ಬೇರೆ ಮಾಡಲು ಆಗಲಿಲ್ಲ. ಗಂಡಿಗೆ ಅರ್ಥವಾದಂತೆ ಕಂಡಿತು.

ಗಂಡು ಹಿಡಿಯುವುದು ಹೆಣ್ಣಿನ ಸೊಂಟವನ್ನು, ಹಿಂಗಾಲಿನ ಮುಂದೆ. ಹಿಡಿದ ಮೇಲೆ ಗಂಟೆಗಟ್ಟಲೆ ಬಿಡುವುದಿಲ್ಲ. ಹೆಣ್ಣು ಅದನ್ನು ಹೊತ್ತುಕೊಂಡೇ ಕುಡಿಕೆಯಿಂದ ಗಿಡಕ್ಕೆ, ಗಿಡದಿಂದ ಗಾಜಿಗೆ ಹೋಗುತ್ತ ಹೋದಲ್ಲೆಲ್ಲ ಬಿಡಿ ಬಿಡಿಯಾಗಿ ಮೊಟ್ಟೆ ಅಂಟಿಸುತ್ತದೆ. ನಮ್ಮ ಕಪ್ಪೆಗಳ ಹಾಗೆ ಮುದ್ದೆಯಲ್ಲ, ನೆಲಗಪ್ಪೆಯ ಹಾಗೆ ದಾರವೂ ಅಲ್ಲ. ಟಾರ್ಚಿಗೆ ಕೆಂಪು ಗಾಳಿಪಟದ ಹಾಳೆ ಸುತ್ತಿ ನೋಡಿದೆ. ಬಿಳಿ ಬೆನ್ನಿನ ಮೇಲೆ ಕಂದು ಕೈಗಳು ಬಿಗಿಯಾಗಿ ಕೂಡಿಕೊಂಡಿದ್ದವು.

ಬೆಳಗಿನ ಜಾವದ ಮೊಟ್ಟೆಗಳು ಇನ್ನೂ ಹೊಸವು. ಅಪ್ಪನ ಕಾಲದ ಲೂಪ್ ಒಂದಿತ್ತು, ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವಂಥದ್ದು. ನಾಲ್ಕಾರು ಮೊಟ್ಟೆಗಳನ್ನು ಎಲೆ ಸಮೇತ ತಟ್ಟೆಗೆ ತೆಗೆದುಕೊಂಡು ಅಡುಗೆಮನೆ ಕಟ್ಟೆಯ ಮೇಲೆ ಕೂತೆ. ಸುತ್ತಲಿನ ಲೋಳೆಯನ್ನು ಬಿಟ್ಟರೆ ಮೊಟ್ಟೆ ಒಂದೂವರೆ ಮಿಲಿಮೀಟರಿಗಿಂತ ಕಡಿಮೆ. ಮಾಮೂಲಿ ಉಗುರುಗಪ್ಪೆಯ ಮೊಟ್ಟೆ ಅರ್ಧ ಕಪ್ಪು, ಅರ್ಧ ತಿಳಿ. ಇವು ಬಿಳಿ ತಾಯಿಯವು, ಪೂರ್ತಿ ಕೆನೆಬಣ್ಣ. ಪಕ್ಕದಿಂದ ಬೆಳಕು ಹಾಯಿಸಿದರೆ ಮಾತ್ರ ಗೆರೆ ಕಾಣುತ್ತದೆ. ಫಲಿತವಾದ ಸುಮಾರು ಒಂದೂವರೆ ಗಂಟೆಗೆ ಮೊದಲ ಸೀಳು: ನೆತ್ತಿಯಲ್ಲಿ ಸಣ್ಣ ಸುಕ್ಕು ಮೂಡಿ, ಎರಡೂ ಕಡೆಗೆ ಇಳಿದು, ಉಂಡೆ ಎರಡಾಗುತ್ತದೆ. ಅಲ್ಲಿಂದ ಹೆಚ್ಚುಕಡಿಮೆ ಅರ್ಧ ಗಂಟೆಗೊಮ್ಮೆ ನಾಲ್ಕು, ಎಂಟು, ಹದಿನಾರು. ನಾನು ನಾಲ್ಕರಿಂದ ಎಂಟಾಗುವುದನ್ನು ಕಣ್ಣಾರೆ ಕಂಡೆ. ಆ ಸಲದ ಸೀಳು ಅಡ್ಡಕ್ಕೆ ಬರುತ್ತದೆ, ನಡುವಿಗಲ್ಲ, ತುಸು ಮೇಲಕ್ಕೆ. ಮೇಲಿನ ನಾಲ್ಕು ಸಣ್ಣವು, ಕೆಳಗಿನ ನಾಲ್ಕು ದಪ್ಪ. ಬ್ಯಾಂಕಿಗೆ ತಡವಾಗಿ ಹೋದೆ. ಭ್ರೂಣಶಾಸ್ತ್ರದ ಪುಸ್ತಕಗಳ ಎಷ್ಟೋ ಚಿತ್ರ ಈ ಪ್ರಾಣಿಯದೇ. ಮೊಟ್ಟೆಯಿಂದ ಪುಟ್ಟ ಕಪ್ಪೆಯವರೆಗೆ ನ್ಯೂಕೂಪ್ ಮತ್ತು ಫೇಬರ್ ಗುರುತಿಸಿದ 66 ಹಂತಗಳ ಪಟ್ಟಿ 1956ರದ್ದು, ಇವತ್ತಿಗೂ ಅದೇ ಚಾಲ್ತಿ. ಇದೇ ಕಪ್ಪೆಯ ಮೇಲೆ ಪ್ರಯೋಗ ಮಾಡಿದ ಜಾನ್ ಗರ್ಡನ್‌ಗೆ 2012ರಲ್ಲಿ ನೊಬೆಲ್ ಬಂತು, ಕರುಳಿನ ಜೀವಕೋಶದ ನ್ಯೂಕ್ಲಿಯಸ್ಸಿನಿಂದ ಪೂರ್ತಿ ಕಪ್ಪೆಯನ್ನೇ ಬೆಳೆಸಬಹುದೆಂದು ತೋರಿಸಿದ್ದಕ್ಕೆ.

ಒಂದೇ ರಾತ್ರಿಗೆ ನೂರಾರು, ಒಮ್ಮೊಮ್ಮೆ ಸಾವಿರ ದಾಟಿ ಮೊಟ್ಟೆ. ಇಲ್ಲಿ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು. ಎಷ್ಟು ಕಪ್ಪೆಗೆ ಮನೆ ಹುಡುಕಲು ಸಾಧ್ಯವೋ ಅಷ್ಟನ್ನೇ ಉಳಿಸುವುದು. ಮೊಟ್ಟೆ ಹೆಚ್ಚಾಗಿ ಅಂಟಿದ್ದ ಗಿಡಗಳನ್ನಷ್ಟೇ ಅಗಲವಾದ ಟಬ್ಬುಗಳಿಗೆ ವರ್ಗಾಯಿಸಿ, ತೊಟ್ಟಿಯ ಜಾಲರಿ ತೆಗೆದುಬಿಟ್ಟೆ. ಸಂಜೆಯೊಳಗೆ ತಂದೆ ತಾಯಿ ಸೇರಿ ಉಳಿದದ್ದನ್ನು ಖಾಲಿ ಮಾಡಿದರು. ಕೇಳಿದವರು ‘ಪಾಪ’ ಅನ್ನುತ್ತಾರೆ. ಆರು ತಿಂಗಳ ಮೇಲೆ ಎಂಟುನೂರು ಕಪ್ಪೆಗಳನ್ನು ಟಬ್ಬಿನಲ್ಲಿ ತುಂಬಿಟ್ಟುಕೊಂಡು ಕೂರುವುದು ಇನ್ನೂ ದೊಡ್ಡ ಪಾಪ ಎನ್ನುವುದು ನನ್ನ ಲೆಕ್ಕ.

ಟಬ್ಬಿನಲ್ಲಿ ಮೊದಲ ದಿನದ ಕೆಲಸ ಸತ್ತ ಮೊಟ್ಟೆ ಹೆಕ್ಕುವುದು. ಸತ್ತದ್ದು ಮಂಕಾಗಿ ಉಬ್ಬುತ್ತದೆ, ಮರುದಿನಕ್ಕೆ ಬೂಸ್ಟು ಹಿಡಿದು ಪಕ್ಕದ್ದಕ್ಕೂ ಹಬ್ಬಿಸುತ್ತದೆ. ಮಕ್ಕಳ ಔಷಧಿಯ ಡ್ರಾಪರ್ ಇದಕ್ಕೆ ಸರಿಯಾದ ಉಪಕರಣ. ನೀರು 22ರಲ್ಲಿದ್ದರೆ ಎರಡು ಮೂರು ದಿನಕ್ಕೆ ಮರಿ ಹೊರಬರುತ್ತದೆ. ಬಾಯಿ ಇನ್ನೂ ತೆರೆದಿರುವುದಿಲ್ಲ, ಗದ್ದದ ಕೆಳಗಿನ ಅಂಟಿನಿಂದ ಗಾಜಿಗೋ ಎಲೆಗೋ ನೇತುಬಿದ್ದಿರುತ್ತದೆ. ಈಗ ಏನನ್ನೂ ಹಾಕಬಾರದು, ಹಾಕಿದ್ದು ಕೊಳೆಯುತ್ತದೆ ಅಷ್ಟೆ.

ನಾನು ಎದುರು ನೋಡುತ್ತಿದ್ದದ್ದು ಬೇರೆಯೇ. ಕೆನೆಬಣ್ಣದ ಮೊಟ್ಟೆಯೊಳಗಿಂದ ಬಂದ ಆ ಬಿಳಿ ಎಳೆಗಳ ತಲೆಯಲ್ಲಿ ಎರಡು ಬೂದು ಚುಕ್ಕೆ ಮೂಡಿ ದಿನದಿಂದ ದಿನಕ್ಕೆ ಕಪ್ಪಾದವು, ಕಣ್ಣುಗಳು. ಆಮೇಲೆ ಬೆನ್ನ ಮೇಲೆ ಕಪ್ಪು ಚುಕ್ಕಿಗಳ ಸಿಂಪಡಿಕೆ. ಒಂದೇ ಒಂದು ಬಿಳಿ ಉಳಿಯಲಿಲ್ಲ. ಮೊಟ್ಟೆಯ ಬಣ್ಣ ತಾಯಿ ತುಂಬಿ ಕೊಟ್ಟದ್ದು, ಅದಕ್ಕೇ ಬಿಳಿ. ಮರಿಯ ಬಣ್ಣ ಮರಿ ತಾನೇ ಮಾಡಿಕೊಳ್ಳುವುದು, ಅದಕ್ಕೆ ಅಪ್ಪನ ಜೀನ್ ಒಂದಿದ್ದರೂ ಸಾಕು. ಗಂಡಿನ ಒಳಗೆ ಬಿಳಿಯ ಜೀನ್ ಅಡಗಿದ್ದಿದ್ದರೆ ಮರಿಗಳಲ್ಲಿ ಅರ್ಧದಷ್ಟಾದರೂ ಬಿಳಿ ಬರಬೇಕಿತ್ತು. ಎಲ್ಲವೂ ಕಂದಾದವು. ನಮ್ಮ ಗಂಡು ಅಪ್ಪಟ ಕಂದು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಈ ಗೊದಮೊಟ್ಟೆ ನಮ್ಮ ಹೊಂಡಗಳಲ್ಲಿ ಕಾಣುವ ಕಪ್ಪು ಗೊದಮೊಟ್ಟೆಯಂಥದ್ದಲ್ಲ. ಮೈ ಗಾಜಿನಷ್ಟು ಪಾರದರ್ಶಕ, ಹೃದಯ ಬಡಿಯುವುದು, ಕರುಳಿನ ಸುರುಳಿ ಎಲ್ಲ ಬರಿಗಣ್ಣಿಗೆ ಕಾಣುತ್ತದೆ. ಬಾಯಿಯ ಎರಡೂ ಮೂಲೆಯಿಂದ ಉದ್ದನೆಯ ಮೀಸೆ. ತಲೆ ಕೆಳಗೆ ಮಾಡಿ ನೀರಿನ ನಡುವೆ ಓರೆಯಾಗಿ ನಿಂತು ಬಾಲದ ತುದಿಯೊಂದನ್ನೇ ಬಿಡದೆ ನಡುಗಿಸುತ್ತಿರುತ್ತದೆ. ಎಲ್ಲವೂ ಒಂದೇ ದಿಕ್ಕಿಗೆ. ಪಾಚಿ ಕೆರೆಯುವ ಹಲ್ಲು ಇದಕ್ಕಿಲ್ಲ. ನೀರನ್ನೇ ಬಾಯಿಗೆ ಎಳೆದು, ಅದರಲ್ಲಿ ತೇಲುವ ಸಣ್ಣ ಕಣಗಳನ್ನು ಸೋಸಿ ತಿನ್ನುತ್ತದೆ. ಆದ್ದರಿಂದ ಎಲೆ ಬೇಯಿಸಿ ಹಾಕಿದರೆ ಪ್ರಯೋಜನವಿಲ್ಲ. ನಾಲ್ಕೈದನೆಯ ದಿನ ಈಜಲು ಶುರುವಾದ ಮೇಲೆ ಔಷಧಿ ಅಂಗಡಿಯ ಸ್ಪಿರುಲಿನಾ ಎಂಬ ಪಾಚಿಯ ಮಾತ್ರೆಗಳನ್ನು ಮಿಕ್ಸಿಯಲ್ಲಿ ಹಿಟ್ಟು ಮಾಡಿ, ಲೋಟ ನೀರಿನಲ್ಲಿ ಕದಡಿ, ಟಬ್ಬಿನ ನೀರಿಗೆ ತೆಳು ಹಸಿರು ಬರುವಷ್ಟೇ ಹಾಕುತ್ತಿದ್ದೆ. ಕೆಲವು ಗಂಟೆಯಲ್ಲಿ ನೀರು ತಿಳಿಯಾದರೆ ಅಳತೆ ಸರಿ. ಸಂಜೆಗೂ ಹಸಿರಿದ್ದರೆ ಹೆಚ್ಚಾಗಿದೆ, ಮರುದಿನ ಕಡಿಮೆ. ಮೊಟ್ಟೆಯ ಹಳದಿ ಹಾಕಿ ಎಂದು ಹೇಳುವವರಿದ್ದಾರೆ. ಟಬ್ಬು ನಾರುವುದು ಬೇಕಾದವರು ಹಾಕಬಹುದು. ನೀರು ದಿನಾ ಮೂರನೇ ಒಂದು ಪಾಲು ಬದಲು, ಲೀಟರಿಗೆ ಒಂದೇ ಮರಿ. ಗಾಳಿ ಪಂಪು ಜೋರಾಗಿ ಬಿಡಬಾರದು. ಇವು ಆಗಾಗ ಮೇಲೆ ಬಂದು ಗಾಳಿ ನುಂಗುತ್ತವೆ, ಪುಟ್ಟ ಶ್ವಾಸಕೋಶ ಆಗಲೇ ಇದೆ.

ಇಷ್ಟರಲ್ಲಿ ಆರಿದ್ರಾ ಮಳೆ. ಡೆಂಗಿ ಕಾಲ. ಮನೆಮನೆಗೆ ಲಾರ್ವಾ ನೋಡಲು ಆಶಾ ಕಾರ್ಯಕರ್ತೆಯರು ಬಂದರು. ಹಿತ್ತಲ ಪಡಸಾಲೆಯಲ್ಲಿ ಸಾಲಾಗಿ ನೀರು ತುಂಬಿದ ಟಬ್ಬುಗಳು, ಒಳಗೆ ತಲೆ ಕೆಳಗಾಗಿ ನಡುಗುವ ನೂರೈವತ್ತು ಜೀವ. ಟಾರ್ಚ್ ಬಿಟ್ಟ ಹೆಣ್ಣುಮಗಳು ಹೌಹಾರಿದಳು. ‘ಅಯ್ಯ, ಅಣ್ಣಾರ, ಇಷ್ಟ್ ದೊಡ್ಡ ಲಾರ್ವಾ ನಾ ಎಲ್ಲೂ ನೋಡಿಲ್ರೀ!’

‘ಕಪ್ಪಿ ಮರಿ ಅಕ್ಕಾರ, ಸೊಳ್ಳಿ ಅಲ್ಲ.’

‘ಕಪ್ಪಿ ಸಾಕಾಕತ್ತೀರಿ? ಯಾಕ್ರೀ?’

ಇದಕ್ಕೆ ನನ್ನಲ್ಲಿ ಚೊಕ್ಕ ಉತ್ತರ ಇರಲಿಲ್ಲ. ಆಕೆ ಎಲ್ಲ ಟಬ್ಬನ್ನೂ ಸೂಕ್ಷ್ಮವಾಗಿ ನೋಡಿ, ಸೊಳ್ಳೆ ಪರದೆ ಮುಚ್ಚಿದ್ದನ್ನು ಮೆಚ್ಚಿ, ರಸ್ತೆ ಬದಿಯ ತೆಂಗಿನ ಚಿಪ್ಪೊಂದನ್ನು ಬೋರಲು ಹಾಕಿ ಹೋದಳು.

ಮೊದಲು ಹಿಂಗಾಲು ಬಂತು. ವಾರಗಟ್ಟಲೆ ಬಾಲದ ಬುಡದಲ್ಲಿ ಎರಡು ಮೊಗ್ಗಿನಂತಿದ್ದದ್ದು ಮಡಚಿಕೊಳ್ಳುವ ಕಾಲಾಯಿತು. ಮುಂಗೈ ಬರುವುದು ಒಂದೇ ರಾತ್ರಿಯ ಕೆಲಸ, ಚರ್ಮದೊಳಗೆ ಪೂರ್ತಿ ತಯಾರಾಗಿ ಕೂತದ್ದು ಹೊರಗೆ ತೂರಿಬರುತ್ತದೆ. ಅದಾದ ಮೇಲೆ ಕೆಲವು ದಿನ ಇವು ಏನನ್ನೂ ತಿನ್ನುವುದಿಲ್ಲ. ಗಾಬರಿಯಾಗಬಾರದು, ಹಸಿರು ಸೋಸುತ್ತಿದ್ದ ಉದ್ದ ಕರುಳು ಮಾಂಸ ಅರಗಿಸುವ ಗಿಡ್ಡ ಕರುಳಾಗುತ್ತಿರುತ್ತದೆ, ಬಾಯಿ ಅಗಲವಾಗುತ್ತದೆ, ಮೀಸೆ ಕುಗ್ಗುತ್ತದೆ. ಹೊಟ್ಟೆಗೆ ಬಾಲವೇ ಆಧಾರ, ಅದು ಒಳಗೊಳಗೇ ಕರಗಿ ಮುಗಿಯುತ್ತದೆ. ಇಷ್ಟೆಲ್ಲವನ್ನೂ ನಡೆಸುವುದು ಥೈರಾಯಿಡ್ ಹಾರ್ಮೋನು. ಮೊಟ್ಟೆಯಿಂದ ಇಲ್ಲಿಗೆ ಸುಮಾರು ಎರಡು ತಿಂಗಳು, ಆದರೆ ಒಂದೇ ರಾತ್ರಿ ಹುಟ್ಟಿದವು ಒಟ್ಟಿಗೆ ಮುಗಿಸುವುದಿಲ್ಲ. ಗಣೇಶನ ಹಬ್ಬಕ್ಕೆ ಕೆಲವು ಕೈಕಾಲು ಆಡಿಸುವ ಪುಟ್ಟ ಕಪ್ಪೆ, ಕೆಲವು ಇನ್ನೂ ಗೊದಮೊಟ್ಟೆ. ಬೇರೆ ಬೇರೆ ಮಾಡಲೇಬೇಕು. ತಮ್ಮ, ತಂಗಿ ಎಂಬ ಮುಲಾಜು ಇವಕ್ಕಿಲ್ಲ. ಪುಟ್ಟವಕ್ಕೆ ಸಣ್ಣಗೆ ಕೊಚ್ಚಿದ ಎರೆಹುಳು, ಫ್ರೀಜ್ ಮಾಡಿದ ಬ್ಲಡ್‌ವರ್ಮ್.

ಉಳಿದದ್ದು ಅರವತ್ತರ ಆಸುಪಾಸು. ಅಂಗಡಿಗಳು ತೆಗೆದುಕೊಳ್ಳಲು ಹಿಂದೆಮುಂದೆ ನೋಡಿದವು. ಗಿರಾಕಿಗೆ ಬೇಕಾದದ್ದು ಬಿಳಿ ಕಪ್ಪೆ, ಕಂದಾದರೆ ‘ಇದು ನಮ್ಮ ಹೊಲದಾಗೂ ಐತಲ್ರೀ’ ಅನ್ನುತ್ತಾರಂತೆ. ಹೊಲದಾಗ ಇರುವುದು ಬೇರೆ, ಅಲ್ಲಿ ಇರಬಾರದ್ದು ಇದು ಎಂದು ನಾನು ಸಾರಿ ಹೇಳಬೇಕಾಯಿತು. ಬೇಸರ ಬಂದವರು ಸಾಧನಕೇರಿಯ, ಕೆಲಗೇರಿಯ, ಇಲ್ಲವೇ ಉಣಕಲ್ಲಿನ ಕೆರೆಗೆ ಬಿಟ್ಟು ಬಂದರೆ ಏನಾಗುತ್ತದೆ ಎಂಬುದಕ್ಕೆ ಚಿಲಿ, ಕ್ಯಾಲಿಫೋರ್ನಿಯಾ, ಫ್ರಾನ್ಸ್, ಸಿಸಿಲಿಯ ಉದಾಹರಣೆಗಳಿವೆ. ಅಲ್ಲೆಲ್ಲ ಈ ಕಪ್ಪೆ ಕೆರೆ ಹೊಂಡ ಸೇರಿ ಸ್ಥಳೀಯ ಜೀವಿಗಳನ್ನು ತಿಂದು ಬೆಳೆಯುತ್ತಿದೆ. ಕೈಟ್ರಿಡ್ ಎಂಬ ಶಿಲೀಂಧ್ರವನ್ನೂ ಇದು ಹೊತ್ತು ತಿರುಗಬಲ್ಲದು. 1998ರಲ್ಲಿ ಗುರುತಾದ ಈ ರೋಗ ಹಲವು ಖಂಡಗಳಲ್ಲಿ ಕಪ್ಪೆಗಳ ಸಂತತಿಯನ್ನೇ ಅಳಿಸಿದೆ. ಉಗುರುಗಪ್ಪೆಗೆ ಸೋಂಕು ತಗುಲಿದರೂ ಅದು ಆರಾಮಾಗಿಯೇ ಕಾಣಬಹುದು. ಪಶ್ಚಿಮ ಘಟ್ಟದ ಕಪ್ಪೆಗಳಲ್ಲೂ ಶಿಲೀಂಧ್ರ ಪತ್ತೆಯಾಗಿದೆ, ಘಟ್ಟ ನಮ್ಮಿಂದ ದೂರವೇನಿಲ್ಲ. ತೊಟ್ಟಿಯ ನೀರು ಹಿತ್ತಲಿಗೆ, ಬಾವಿ ಹತ್ತಿರ ಬೇಡ ಎಂದದ್ದು ಇದಕ್ಕೇ. ತೆಗೆದ ನೀರಿಗೆ ಬ್ಲೀಚಿಂಗ್ ಪುಡಿ ಹಾಕಿ, ಒಂದಿಷ್ಟು ಹೊತ್ತು ಬಿಟ್ಟು, ಸಂಡಾಸಿಗೆ ಸುರಿಯುತ್ತೇನೆ. ಬಲೆ, ಬಕೆಟ್ಟು ಬೇರೆಯೇ. ಕಪ್ಪೆ ಒಯ್ದವರಿಗೆಲ್ಲ ಹೇಳಿದ್ದು ಒಂದೇ: ಸಾಕಾದರೆ ನನಗೇ ವಾಪಸ್ ತಂದುಕೊಡಿ, ಯಾಕೆ ಎಂದು ಕೇಳುವುದಿಲ್ಲ. ಇಬ್ಬರು ತಂದುಕೊಟ್ಟಿದ್ದಾರೆ.

ಈ ವರ್ಷ ರೋಹಿಣಿ ಹೂಡುವ ಮೊದಲೇ ಗಂಡನ್ನು ಬೇರೆ ತೊಟ್ಟಿಗೆ ಹಾಕಿದೆ. ರಾತ್ರಿ ಕಟಕಟ ಇದ್ದೇ ಇದೆ, ಮೊಟ್ಟೆ ಇಲ್ಲ. ಮರಿಗಳಲ್ಲಿ ಒಂದು ಜೋಡಿ ಹಿಂದಿನ ಓಣಿಯ ಹುಡುಗಿಯ ಹತ್ತಿರ ಇದೆ, ಆಕೆ ಬಿಎಸ್ಸಿ ಓದುತ್ತಾಳೆ. ಎರಡೂ ಕಂದು, ಆದರೆ ಎರಡರ ಒಳಗೂ ಅಜ್ಜಿಯಾಗಬೇಕಾದವಳ ಬಿಳಿ ಜೀನ್ ಒಂದೊಂದು ಕೂತಿದೆ. ಅವು ಕೂಡಿದರೆ ಮೊಟ್ಟೆ ಎಲ್ಲ ಕಪ್ಪು-ತಿಳಿ ಇರುತ್ತದೆ, ಮರಿಯಲ್ಲಿ ಕಾಲು ಭಾಗ ಬಿಳಿ ಬರಬೇಕು. ಗಂಡಿನ ಮುಂಗೈ ಆಗಲೇ ಕಪ್ಪಾಗಿದೆ, ಹೆಣ್ಣು ಬಲಿಯಲು ಇನ್ನೊಂದು ವರ್ಷವಾದರೂ ಬೇಕು. ಮೊನ್ನೆ ಬಂದಿದ್ದಳು. ‘ಕಾಕಾ, ನಮ್ಮದು ಸ್ಲ್ಯಾಬಿನ ಮನಿ, ಸೂರು ಇಲ್ಲ. ಮುಂದಿನ ವರ್ಷ ನಿಮ್ಮ ಡ್ರಮ್ಮಿನ್ಯಾಗಿಂದು ಎರಡು ಕ್ಯಾನ್ ಮಳಿನೀರು ನನಗ ತೆಗದಿಡ್ರಿ’ ಅಂದಳು. ಇಡುತ್ತೇನೆ ಎಂದಿದ್ದೇನೆ. ಎಷ್ಟು ಮೊಟ್ಟೆ ಉಳಿಸಬೇಕು ಎನ್ನುವುದನ್ನು ಈಗಲೇ ಬರೆದಿಟ್ಟುಕೋ ಎಂದೂ ಹೇಳಿದ್ದೇನೆ.